ಪಟ್ಟಿ ಮೊದಲು, ಪರೀಕ್ಷೆ ಆಮೇಲೆ

ಅಮೆರಿಕದಲ್ಲಿ ಎಂ.ಎಸ್. ಓದುತ್ತೇನೆ ಎಂದು ಮಕ್ಕಳು ಬಾಯಿಬಿಟ್ಟ ಕೂಡಲೆ ನಮ್ಮ ಮನೆಗಳಲ್ಲಿ ಬೀಳುವ ಮೊದಲ ಖರ್ಚು ಕೋಚಿಂಗ್ ಫೀಸಿನದು. ಯಾವ ಯೂನಿವರ್ಸಿಟಿ, ಯಾವ ವಿಭಾಗ, ಅಲ್ಲಿ ಜಿಆರ್‌ಇ ಪ್ರವೇಶ ಪರೀಕ್ಷೆ ಕೇಳುತ್ತಾರೋ ಇಲ್ಲವೋ ಅನ್ನುವುದೆಲ್ಲ ಆಮೇಲಿನ ಮಾತು. ಬ್ಯಾಂಕಿನಲ್ಲಿ ಶಿಕ್ಷಣ ಸಾಲದ ಮೇಜಿನ ಹಿಂದೆ ಕೂತಿದ್ದ ವರ್ಷಗಳಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಅರ್ಜಿ ಹಾಕಿದ ಯಾವ ವಿಭಾಗವೂ ಜಿಆರ್‌ಇ ಕೇಳದಿದ್ದರೂ ಹುಡುಗ ಎರಡು ಸಲ ಪರೀಕ್ಷೆ ಬರೆದಿರುತ್ತಿದ್ದ. ತಂದೆ ಅದನ್ನೂ ಹೆಮ್ಮೆಯಿಂದ ಹೇಳುತ್ತಿದ್ದರು.

ನನ್ನ ಮಗಳ ಸರದಿ ಬಂದದ್ದು 2024ರಲ್ಲಿ. ವಿಟಿಯು ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಳು. ಜಲಸಂಪನ್ಮೂಲದಲ್ಲಿ ಮುಂದಕ್ಕೆ ಓದುವ ಆಸೆ. ನಾನು ಆಗಲೇ ನಿವೃತ್ತ, ಲೆಕ್ಕ ಬರೆಯುವ ಚಟ ಮಾತ್ರ ನಿವೃತ್ತಿಯಾಗಿರಲಿಲ್ಲ. ಪರೀಕ್ಷೆಗೆ ದುಡ್ಡು ಕಟ್ಟುವ ಮುಂಚೆ ಒಂದು ಪಟ್ಟಿ ಮಾಡೋಣ ಎಂದೆ. ವಿಭಾಗದ ಹೆಸರು, ಕೊನೆಯ ದಿನಾಂಕ, ಜಿಆರ್‌ಇ ಬೇಕೇ, ಇಂಗ್ಲಿಷ್ ಪರೀಕ್ಷೆ ಯಾವುದು, ಅರ್ಜಿ ಶುಲ್ಕ ಎಷ್ಟು, ಅಸಿಸ್ಟೆಂಟ್‌ಶಿಪ್ ಸಿಗುವ ಸಂಭವ ಇದೆಯೇ, ಇಷ್ಟು ಕಾಲಂ. "ಅಪ್ಪ, ಇದನ್ನ ನೀವು ಲೆಡ್ಜರ್ ಮಾಡಿಬಿಟ್ರಿ" ಎಂದು ನಕ್ಕಳು. ಆದರೆ ನಮ್ಮ ಮುಂದಿನ ಖರ್ಚೆಲ್ಲ ತೀರ್ಮಾನವಾದದ್ದು ಆ ಲೆಡ್ಜರಿನಲ್ಲೇ.

ಜಿಆರ್‌ಇ ಕಾಲಂ ತುಂಬುವಾಗ ಪರಿಸ್ಥಿತಿ ಎಷ್ಟು ಬದಲಾಗಿದೆ ಎಂದು ಗೊತ್ತಾಯಿತು. ಜೀವವಿಜ್ಞಾನದ ಪಿಎಚ್‌ಡಿ ವಿಭಾಗಗಳು ಕೋವಿಡ್‌ಗೆ ಮುಂಚೆಯೇ ಈ ಪರೀಕ್ಷೆಯನ್ನು ಕೈಬಿಡತೊಡಗಿದ್ದವು. 2020ರಲ್ಲಿ ಪರೀಕ್ಷಾ ಕೇಂದ್ರಗಳು ಮುಚ್ಚಿದ ಮೇಲೆ ಉಳಿದವರಲ್ಲೂ ಅನೇಕರು ಬಿಟ್ಟರು, ಅವರಲ್ಲಿ ಹಲವರು ಮತ್ತೆ ಶುರು ಮಾಡಲಿಲ್ಲ. ಈಗ ಮೂರು ಬಗೆಯ ವಿಭಾಗಗಳಿವೆ: ಬೇಕೇ ಬೇಕು ಎನ್ನುವವು, ಇದ್ದರೆ ಕೊಡಿ ಎನ್ನುವವು, ಕಳಿಸಿದರೂ ನೋಡುವುದಿಲ್ಲ ಎನ್ನುವವು. ಯೂನಿವರ್ಸಿಟಿಯ ಮುಖ್ಯ ಪುಟ ಒಂದು ಹೇಳಿದರೆ ವಿಭಾಗದ ಪುಟ ಇನ್ನೊಂದು ಹೇಳುವುದುಂಟು. ನಂಬಬೇಕಾದದ್ದು ವಿಭಾಗದ ಪುಟವನ್ನು, ಅದೂ ಆ ವರ್ಷದ್ದನ್ನು. ಹೋದ ವರ್ಷ ಹೋದ ಸೀನಿಯರ್ ಹೇಳಿದ್ದು ಈ ವರ್ಷಕ್ಕೆ ಸಲ್ಲದು.

ತಲೆಕೆಡಿಸುವುದು ನಡುವಿನವರು, ಇದ್ದರೆ ಕೊಡಿ ಎನ್ನುವವರು. ನನ್ನ ಅಭಿಪ್ರಾಯ ಹೀಗಿದೆ. ಓದಿದ ಕಾಲೇಜಿನ ಹೆಸರು ಅಲ್ಲಿನವರಿಗೆ ಪರಿಚಯವಿಲ್ಲ, ಅಂಕ ಮಧ್ಯಮ, ಪ್ರಕಟವಾದ ಪೇಪರ್ ಇಲ್ಲ ಎಂದಾದರೆ ಒಳ್ಳೆಯ ಜಿಆರ್‌ಇ ಅಂಕಕ್ಕೆ ಬೆಲೆ ಇದೆ, ಬರೆಯಲಿ. ಅಂಕ ಚೆನ್ನಾಗಿದ್ದು, ಪ್ರಾಜೆಕ್ಟ್ ಗಟ್ಟಿಯಾಗಿದ್ದು, ಶಿಫಾರಸು ಬರೆಯುವ ಮೇಷ್ಟ್ರಿಗೆ ಹುಡುಗಿ ನಿಜಕ್ಕೂ ಗೊತ್ತಿದ್ದರೆ ಆ ದುಡ್ಡು ಇನ್ನೆರಡು ಅರ್ಜಿಗಳಿಗೆ ಹೋಗಲಿ. ನಮ್ಮ ಪಟ್ಟಿಯಲ್ಲಿ ಇದ್ದರೆ ಕೊಡಿ ಎನ್ನುವವೂ ಇದ್ದವು, ಬೇಕೇ ಬೇಕು ಎನ್ನುವವೂ ಇದ್ದವು. ಅವಳು ಬರೆದಳು.

ಭಾರತದಲ್ಲಿ ಜಿಆರ್‌ಇ ಶುಲ್ಕ 22 ಸಾವಿರ ರೂಪಾಯಿ ಆಸುಪಾಸು. 2023ರ ಸೆಪ್ಟೆಂಬರಿನಿಂದ ಪರೀಕ್ಷೆಯ ಅವಧಿ 1 ಗಂಟೆ 58 ನಿಮಿಷ. ಮುಂಚೆ ಅದು ಹತ್ತಿರ ಹತ್ತಿರ ನಾಲ್ಕು ಗಂಟೆ ನಡೆಯುತ್ತಿತ್ತು. ಹೊತ್ತು ಅರ್ಧವಾದರೂ ಶುಲ್ಕ ಅರ್ಧವಾಗಲಿಲ್ಲ ಎನ್ನುವುದನ್ನು ನನ್ನ ಹೆಂಡತಿಯೇ ಮೊದಲು ಗಮನಿಸಿದ್ದು. ಈ ಶುಲ್ಕದಲ್ಲೇ ನಾಲ್ಕು ಯೂನಿವರ್ಸಿಟಿಗಳಿಗೆ ಅಂಕ ಕಳಿಸುವುದು ಸೇರಿದೆ. ಆದರೆ ಆ ನಾಲ್ಕು ಹೆಸರನ್ನು ಪರೀಕ್ಷೆಯ ದಿನವೇ ಕೊಡಬೇಕು. ಪಟ್ಟಿ ಇಲ್ಲದೆ ಹೋದವರು ಅಲ್ಲಿ ಕೂತು ತೋಚಿದ ಹೆಸರು ಒತ್ತುತ್ತಾರೆ, ಇಲ್ಲವೆ ಬಿಟ್ಟು ಬರುತ್ತಾರೆ. ಆಮೇಲೆ ಒಂದೊಂದಕ್ಕೂ 35 ಡಾಲರಿನ ಸುಮಾರಿಗೆ ತೆರಬೇಕು. ಇಲ್ಲೂ ಒಂದು ಉಳಿತಾಯ ಇದೆ. ಅರ್ಜಿಯಲ್ಲಿ ಅಂಕವನ್ನು ನಾವೇ ತುಂಬಿದರೆ ಸಾಕು, ಸೀಟು ಸಿಕ್ಕಮೇಲೆ ಅಧಿಕೃತ ಪ್ರತಿ ತರಿಸಿ ಎನ್ನುವ ವಿಭಾಗಗಳು ಎಷ್ಟೋ ಇವೆ. ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ ವಿಷಯದಲ್ಲೂ ಹಾಗೆಯೇ. ಬೆಳಗಾವಿಯ ವಿಟಿಯು ಕಚೇರಿಯಿಂದ ಸೀಲು ಹಾಕಿದ ಲಕೋಟೆ ಎಲ್ಲ ಕಡೆಗೂ ಹೋಗಬೇಕಿಲ್ಲ. ಸ್ಕ್ಯಾನ್ ಮಾಡಿ ಹಾಕಿದ ಅಂಕಪಟ್ಟಿಯನ್ನೇ ಮೊದಲ ಸುತ್ತಿಗೆ ಒಪ್ಪುವವರು ಹೆಚ್ಚು.

ಪರೀಕ್ಷೆಯನ್ನು ಮನೆಯಿಂದಲೂ ಬರೆಯಬಹುದು, ಶುಲ್ಕ ಅಷ್ಟೇ. ಮಗಳು ಬೆಂಗಳೂರಿನ ಕೇಂದ್ರವನ್ನೇ ಆರಿಸಿಕೊಂಡಳು. ಮೈಸೂರಿನ ನಮ್ಮ ಬಡಾವಣೆಯಲ್ಲಿ ಕರೆಂಟು ಯಾವಾಗ ಹೋಗುತ್ತದೋ, ಕುಕ್ಕರ್ ಯಾವಾಗ ಕೂಗುತ್ತದೋ ಹೇಳಲಾಗದು.

ಇನ್ನು ಕೋಚಿಂಗ್. ಮೊನ್ನೆ ನನ್ನ ಭಾವಮೈದ ಫೋನ್ ಮಾಡಿ, "ಭಾವ, ಹುಡುಗನ್ನ ಕೋಚಿಂಗಿಗೆ ಸೇರಿಸೋಣಾಂತ, ನಲವತ್ತು ಸಾವಿರ ಕೇಳ್ತಿದಾರೆ" ಎಂದ. ಅವನು ಏನು ಓದಬೇಕೆಂದಿದ್ದಾನೆ ಎಂದು ಕೇಳಿದೆ. "ಅದನ್ನ ಅವರೇ ಹೇಳ್ತಾರಂತೆ." ನಲವತ್ತು ಸಾವಿರ ಕೊಟ್ಟು ಸೇರುವುದು ತಪ್ಪೆಂದು ನಾನು ಹೇಳಲಾರೆ. ಯಾರಾದರೂ ಬೆನ್ನಿಗೆ ನಿಂತು ಓದಿಸದಿದ್ದರೆ ಪುಸ್ತಕ ತೆರೆಯದ ಮಕ್ಕಳಿರುತ್ತಾರೆ, ಅವರಿಗೆ ಅದು ಶಿಸ್ತಿನ ಬೆಲೆ. ಆದರೆ ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆಯೇ ಪವರ್‌ಪ್ರೆಪ್ ಎಂಬ ಎರಡು ಪೂರ್ಣ ಮಾದರಿ ಪರೀಕ್ಷೆಗಳನ್ನು ಪುಕ್ಕಟೆ ಕೊಡುತ್ತದೆ. ಗಣಿತದ ಪಾಠಗಳು ಖಾನ್ ಅಕಾಡೆಮಿಯಲ್ಲಿ ಪುಕ್ಕಟೆ ಸಿಗುತ್ತವೆ. ಇಟಿಎಸ್‌ನ ಅಧಿಕೃತ ಪುಸ್ತಕದ ಹಳೆಯ ಪ್ರತಿ ಬೆಂಗಳೂರಿನ ಅವೆನ್ಯೂ ರೋಡಿನಲ್ಲಿ ಚೌಕಾಸಿಗೆ ದಕ್ಕಿತು. 2023ಕ್ಕೆ ಮುಂಚಿನ ಪುಸ್ತಕವಾದರೂ ನಡೆಯುತ್ತದೆ. ಪ್ರಶ್ನೆಗಳ ಸಂಖ್ಯೆ ಇಳಿದಿದೆ, ಎರಡು ಪ್ರಬಂಧಗಳಲ್ಲಿ ಒಂದು ಹೋಗಿದೆ, ಪ್ರಶ್ನೆಗಳ ಜಾತಿ ಹಾಗೇ ಇದೆ.

ಎಲ್ಲಿ ಬೆವರು ಸುರಿಸಬೇಕು ಎನ್ನುವುದನ್ನೂ ಲೆಕ್ಕ ಹಾಕಬಹುದು. ವರ್ಬಲ್, ಕ್ವಾಂಟ್ ಎರಡಕ್ಕೂ ಅಂಕ 130ರಿಂದ 170ರವರೆಗೆ. ನಮ್ಮ ಎಂಜಿನಿಯರಿಂಗ್ ಮಕ್ಕಳು ಕ್ವಾಂಟ್‌ನಲ್ಲಿ 165 ತೆಗೆದು ಕುಣಿಯುತ್ತಾರೆ. ಜಗತ್ತಿನಾದ್ಯಂತ ಬರೆದವರಲ್ಲಿ ಸುಮಾರು ಮೂರನೇ ಒಂದು ಪಾಲು ಅಲ್ಲಿಯೋ ಅದಕ್ಕೂ ಮೇಲೆಯೋ ಇರುತ್ತಾರೆ. ವರ್ಬಲ್‌ನಲ್ಲಿ 160 ಬಂದರೆ ನಿಮ್ಮ ಮುಂದೆ ಇರುವುದು ಆರರಲ್ಲಿ ಒಬ್ಬರು. ಮಗಳು ಮೊದಲ ವಾರಗಳಲ್ಲಿ ಗಣಿತವನ್ನೇ ತಿಕ್ಕುತ್ತಿದ್ದಳು, ಆಮೇಲೆ ದಿಕ್ಕು ಬದಲಿಸಿದಳು. ಸಾವಿರಾರು ಪದಗಳ ಪಟ್ಟಿಯನ್ನು ಉರು ಹೊಡೆಯುವ ಹಳೆಯ ಪದ್ಧತಿಗೆ ಹೋಗಲಿಲ್ಲ. ದಿನಾ ಒಂದು ಉದ್ದದ ಇಂಗ್ಲಿಷ್ ಲೇಖನ ಓದುತ್ತಿದ್ದಳು, ಗೊತ್ತಿಲ್ಲದ ಪದಗಳನ್ನು ಬರೆದಿಟ್ಟುಕೊಳ್ಳುತ್ತಿದ್ದಳು.

ಕನ್ಸಲ್ಟೆನ್ಸಿಗಳ ಕಡೆಗೆ ಬರುತ್ತೇನೆ, ಹಣಕಾಸಿನ ದೃಷ್ಟಿಯಿಂದ ಇದು ಕೋಚಿಂಗ್‌ಗಿಂತ ದೊಡ್ಡ ವಿಷಯ. ನಾವು ಒಂದು ಕಚೇರಿಗೆ ಹೋಗಿದ್ದೆವು. ಎಸಿ, ಫಿಲ್ಟರ್ ಕಾಫಿ, ಗೋಡೆ ತುಂಬ ಬಾವುಟಗಳು. "ಸರ್, ನಮ್ಮದು ಫ್ರೀ ಸರ್ವಿಸ್" ಎಂದರು. ಅವರು ಕೊಟ್ಟ ಹೆಸರುಗಳಿಗೂ ನಮ್ಮ ಲೆಡ್ಜರಿಗೂ ಒಂದೂ ತಾಳೆಯಾಗಲಿಲ್ಲ. ಜಲಸಂಪನ್ಮೂಲಕ್ಕೆ ಹೆಸರಾದ ವಿಭಾಗ ಒಂದೂ ಅದರಲ್ಲಿರಲಿಲ್ಲ. ಕಾರಣ ಅವರ ಬುದ್ಧಿಯಲ್ಲ, ಆದಾಯದ ದಾರಿ. ಸೇರಿಸಿದ ತಲೆಗಿಷ್ಟು ಎಂದು ಕೆಲವು ಯೂನಿವರ್ಸಿಟಿಗಳು ಕಮಿಷನ್ ಕೊಡುತ್ತವೆ. ತನ್ನ ದೇಶದ ವಿದ್ಯಾರ್ಥಿಗಳನ್ನು ಸೇರಿಸಲು ಹೀಗೆ ತಲೆಲೆಕ್ಕದಲ್ಲಿ ಹಣ ಕೊಡುವುದನ್ನು ಅಮೆರಿಕದ ಉನ್ನತ ಶಿಕ್ಷಣ ಕಾನೂನು ನಿಷೇಧಿಸಿದೆ. ಸರ್ಕಾರಿ ನೆರವಿಗೆ ಅರ್ಹರಲ್ಲದ ವಿದೇಶಿ ವಿದ್ಯಾರ್ಥಿಗಳ ವಿಷಯದಲ್ಲಿ ಮಾತ್ರ ವಿನಾಯಿತಿ. ಅಂದರೆ ಅವರು ತಮ್ಮ ಮಕ್ಕಳಿಗೆ ಆಗದು ಎಂದ ವ್ಯವಹಾರ ನಮ್ಮ ಮಕ್ಕಳ ಮೇಲೆ ನಡೆಯಬಹುದು. ಬೇಡಿಕೆ ಹೆಚ್ಚಿರುವ ದೊಡ್ಡ ವಿಭಾಗಗಳಿಗೆ ಏಜೆಂಟರ ಹಂಗಿಲ್ಲ, ಹಾಗಾಗಿ ಅವು ಪುಕ್ಕಟೆ ಪಟ್ಟಿಯಲ್ಲಿ ಕಾಣುವುದೂ ಕಡಿಮೆ. ಅಮೆರಿಕ ಸರ್ಕಾರದ್ದೇ ಆದ ಎಜುಕೇಶನ್‌ಯುಎಸ್‌ಎ ಕೇಂದ್ರಗಳು ಸಲಹೆ ಕೊಡುತ್ತವೆ, ಅವುಗಳಿಗೆ ಕಮಿಷನ್ ಇಲ್ಲ. ಅಲ್ಲಿ ಕಾಫಿಯೂ ಇಲ್ಲ.

ಇಂಗ್ಲಿಷ್ ಪರೀಕ್ಷೆಯಲ್ಲಿ ನಾವು ಅಗ್ಗದ್ದನ್ನು ಬಿಟ್ಟು ದುಬಾರಿಯದನ್ನು ತೆಗೆದುಕೊಂಡೆವು. ಡ್ಯುಯೊಲಿಂಗೊ ಮನೆಯಲ್ಲೇ ಕೂತು ಬರೆಯುವಂಥದ್ದು, ಎಷ್ಟು ಕಡೆಗಾದರೂ ಅಂಕವನ್ನು ಪುಕ್ಕಟೆ ಕಳಿಸುತ್ತಾರೆ, ಟೋಫೆಲ್ ಅಥವಾ ಐಇಎಲ್‌ಟಿಎಸ್ ಶುಲ್ಕದ ಅರ್ಧಕ್ಕೂ ಕಡಿಮೆ. ಪ್ರವೇಶಕ್ಕೆ ಅದು ಸಾಕು ಎನ್ನುವವರು ಬೇಕಾದಷ್ಟಿದ್ದಾರೆ. ಆದರೆ ಲೆಡ್ಜರಿನ ಕೊನೆಯ ಕಾಲಂ ಇತ್ತಲ್ಲ, ಅಸಿಸ್ಟೆಂಟ್‌ಶಿಪ್, ಅಂದರೆ ಫೀಸು ಮಾಫಿ ಮಾಡಿ ಸಂಬಳವನ್ನೂ ಕೊಡುವ ಕೆಲಸ, ಅಲ್ಲಿ ಕಥೆ ಬೇರೆ. ಪಾಠ ಮಾಡುವ ಸಹಾಯಕರಾಗಬೇಕಾದರೆ ಮಾತನಾಡುವ ಇಂಗ್ಲಿಷ್‌ಗೆ ಪ್ರತ್ಯೇಕ ಅಂಕ ಕೇಳುವ ಯೂನಿವರ್ಸಿಟಿಗಳಿವೆ. ಅವಳ ಪಟ್ಟಿಯಲ್ಲಿದ್ದ ಒಂದು ಕಡೆ ಟೋಫೆಲ್ ಸ್ಪೀಕಿಂಗ್‌ನಲ್ಲಿ 30ಕ್ಕೆ 26 ಕೇಳಿದ್ದರು, ಡ್ಯುಯೊಲಿಂಗೊ ಅದಕ್ಕೆ ನಡೆಯುತ್ತಿರಲಿಲ್ಲ. ಹತ್ತು ಸಾವಿರ ಉಳಿಸಲು ಹೋಗಿ ಲಕ್ಷಗಳ ಬಾಗಿಲು ಮುಚ್ಚಿಕೊಳ್ಳುವುದು ಯಾಕೆ ಎಂದು ಟೋಫೆಲ್‌ಗೆ ಕಟ್ಟಿದೆವು. ಅವಳು ತಯಾರಿಯ ಹೆಚ್ಚಿನ ಸಮಯ ಕೊಟ್ಟದ್ದೂ ಆ ಸ್ಪೀಕಿಂಗ್ ಭಾಗಕ್ಕೇ. ಸಂಜೆ ಮೊಬೈಲಿನಲ್ಲಿ ತನ್ನ ದನಿಯನ್ನೇ ರೆಕಾರ್ಡ್ ಮಾಡಿ ಕೇಳಿಕೊಳ್ಳುತ್ತಿದ್ದಳು. ಪಕ್ಕದ ಮನೆಯವರು ಮಗಳಿಗೆ ಅಮೆರಿಕದ ಗಂಡು ಗೊತ್ತಾಯಿತೇ ಎಂದು ವಿಚಾರಿಸಿದರು.

ಕರ್ನಾಟಕದವರಿಗೆ ಒಂದು ಕಿವಿಮಾತು. ಪಾಸ್‌ಪೋರ್ಟಿನಲ್ಲಿರುವ ಹೆಸರಿನಲ್ಲೇ ಪರೀಕ್ಷೆಗೆ ನೋಂದಾಯಿಸಬೇಕು. ನಮ್ಮ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದರ ಬಿಡಿಸಿದ ರೂಪ, ಕೆಲವರಿಗೆ ಸರ್‌ನೇಮ್ ಜಾಗವೇ ಖಾಲಿ. ಸರ್‌ನೇಮ್ ಇಲ್ಲದವರ ವೀಸಾದಲ್ಲಿ ಎಫ್‌ಎನ್‌ಯು ಎಂಬ ವಿಚಿತ್ರ ಹೆಸರು ಅಂಟಿಕೊಂಡು, ಅಲ್ಲಿ ಬ್ಯಾಂಕು, ಬಾಡಿಗೆ, ಲೈಸೆನ್ಸ್ ಎಲ್ಲ ಕಡೆ ಬೆನ್ನು ಹತ್ತುತ್ತದೆ. ಪರೀಕ್ಷೆಗೆ ಕಟ್ಟುವ ಮೊದಲೇ ಪಾಸ್‌ಪೋರ್ಟ್ ಸರಿಮಾಡಿಸಿ.

ಅರ್ಜಿ ಶುಲ್ಕ ಒಂದೊಂದಕ್ಕೆ 75ರಿಂದ 125 ಡಾಲರ್. ಆಗ ಡಾಲರ್ 84 ರೂಪಾಯಿ ದಾಟಿತ್ತು. ಹತ್ತು ಕಡೆ ಹಾಕಿದರೆ ಮುಕ್ಕಾಲು ಲಕ್ಷದ ಮೇಲಾಗಬಹುದು, ಒಂದೂ ವಾಪಸ್ ಬರುವುದಿಲ್ಲ. ನಾವು ಪಟ್ಟಿಯನ್ನು ಕತ್ತರಿಸಿದ್ದು ಇಲ್ಲೇ. ಸೀಟು ಸಿಕ್ಕರೂ ಹೋಗಲಾರೆವು ಎನಿಸಿದ ದುಬಾರಿ ಊರುಗಳಿಗೆ ಅರ್ಜಿ ಹಾಕಲಿಲ್ಲ. ಸೀಟು ಸಿಕ್ಕಮೇಲೆ ವಿದೇಶಿ ವಿದ್ಯಾರ್ಥಿಗಳ ದಾಖಲಾತಿಯ ಸೆವಿಸ್ ಶುಲ್ಕ 350 ಡಾಲರ್, ವೀಸಾ ಶುಲ್ಕ 185 ಡಾಲರ್. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು, ವೀಸಾ ಕೆಲಸ ಮಾತ್ರ ಆಗಲೇ ಶುರುವಾಗಲಿಲ್ಲ. ಕಾವೇರಿ ಎಕ್ಸ್‌ಪ್ರೆಸ್ಸಿನಲ್ಲಿ ಚೆನ್ನೈಗೇ ಹೋದೆವು.

ಇನ್ನು ನನ್ನ ಹಳೆಯ ಮೇಜಿನ ವಿಷಯ. ವೀಸಾಕ್ಕೆ ಬೇಕಾದ ಐ-20 ಪತ್ರ ಯೂನಿವರ್ಸಿಟಿಯಿಂದ ಬರಬೇಕಾದರೆ ಮೊದಲ ವರ್ಷದ ಖರ್ಚಿಗೆ ಕೈಗೆ ಸಿಗುವ ಹಣ ತೋರಿಸಬೇಕು: ಉಳಿತಾಯ, ಎಫ್‌ಡಿ, ಸಾಲದ ಮಂಜೂರಾತಿ ಪತ್ರ. ಸೈಟು, ತೋಟ ಎಷ್ಟಿದ್ದರೂ ಅದಕ್ಕೆ ಲೆಕ್ಕವಿಲ್ಲ. ಸಾಲಕ್ಕೆ ಅಡಮಾನವಾಗಿಯೂ ತೋಟ ನಡೆಯುವುದು ಕಷ್ಟ, ಕೃಷಿ ಜಮೀನು ಸಾಲ ವಸೂಲಿಯ ಸರ್ಫೇಸಿ ಕಾಯ್ದೆಯ ಹೊರಗಿದೆ, ಬ್ಯಾಂಕುಗಳು ಮುಟ್ಟಲು ಹಿಂಜರಿಯುತ್ತವೆ. ರೆವಿನ್ಯೂ ಸೈಟು, ಬಿ ಖಾತಾ ಸಾಮಾನ್ಯವಾಗಿ ವಾಪಸ್ ಬರುತ್ತವೆ. ಪರೀಕ್ಷೆಯ ತಯಾರಿ ಶುರುವಾದ ತಿಂಗಳೇ ತಂದೆ ತಾಯಿ ಖಾತಾ, ಋಣಭಾರ ಪತ್ರ, ಮೂಲ ಕ್ರಯಪತ್ರ ಹುಡುಕತೊಡಗಿದರೆ ಸಾಲದ ಅರ್ಜಿ ಹಾಕುವ ಮುಂದಿನ ಮೇ ತಿಂಗಳಿಗೆ ಸರಿಹೋಗುತ್ತದೆ. ಕಾಗದ ಸಿಗದೆ ಅಡಮಾನವಿಲ್ಲದ ಸಾಲಕ್ಕೆ ಖಾಸಗಿ ಹಣಕಾಸು ಸಂಸ್ಥೆಗಳ ಬಾಗಿಲಿಗೆ ಹೋದರೆ ಬಡ್ಡಿ ಎರಡು ಮೂರು ಪರ್ಸೆಂಟ್ ಏರುವುದು ಸಾಮಾನ್ಯ. 30 ಲಕ್ಷದ ಮೇಲೆ ಒಂದು ಪರ್ಸೆಂಟ್ ಎಂದರೆ ವರ್ಷಕ್ಕೆ 30 ಸಾವಿರ. ಒಂದು ಜಿಆರ್‌ಇ ಶುಲ್ಕವನ್ನು ಮೀರಿದ್ದು ಅದು, ಪ್ರತಿ ವರ್ಷ.

ಹಣ ಕಳಿಸುವಾಗ ಟಿಸಿಎಸ್ ಎಂಬುದೊಂದಿದೆ, ಕಂಪನಿಯಲ್ಲ, ಮೂಲದಲ್ಲೇ ವಸೂಲಾಗುವ ತೆರಿಗೆ. 2025ರ ಏಪ್ರಿಲ್‌ನಿಂದ ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳಿಸಿದ ಹಣಕ್ಕೆ ಅದಿಲ್ಲ. ಸ್ವಂತ ಹಣವಾದರೆ ವರ್ಷಕ್ಕೆ 10 ಲಕ್ಷದವರೆಗೆ ಇಲ್ಲ. ಆ ಮಿತಿ ಒಂದೊಂದು ಪ್ಯಾನ್‌ಗೆ ಬೇರೆ, ಹಾಗಾಗಿ ಗಂಡ ಹೆಂಡತಿ ತಮ್ಮ ತಮ್ಮ ಖಾತೆಯಿಂದ ಹಂಚಿಕೊಂಡು ಕಳಿಸಬಹುದು. ಮಿತಿ ಮೀರಿ ಹಿಡಿದ ಹಣವೂ ಮುಳುಗುವುದಿಲ್ಲ, ರಿಟರ್ನ್ಸ್ ಹಾಕುವಾಗ ವಜಾ ಮಾಡಿಕೊಳ್ಳಬಹುದು.

ಮಗಳಿಗೆ ಮಾರ್ಚಿನಲ್ಲಿ ಒಂದು ಸ್ಟೇಟ್ ಯೂನಿವರ್ಸಿಟಿಯಿಂದ ಸೀಟು ಬಂತು, ನೆರವು ಇಲ್ಲದೆ. ಎಂ.ಎಸ್. ಮಾಡುವವರಿಗೆ ಮೊದಲ ದಿನದಿಂದಲೇ ನೆರವು ಸಿಗುವುದು ಅಪರೂಪ, ಅದು ಹೆಚ್ಚಾಗಿ ಪಿಎಚ್‌ಡಿಯವರ ಪಾಲು. ನೆರವಿನ ಆಫರ್ ಬಂದವರು ಏಪ್ರಿಲ್ 15ರ ಮುಂಚೆ ಉತ್ತರ ಕೊಡಲೇಬೇಕಿಲ್ಲ ಎಂದು ಅಲ್ಲಿನ ಅನೇಕ ಯೂನಿವರ್ಸಿಟಿಗಳು ಒಪ್ಪಂದ ಮಾಡಿಕೊಂಡಿವೆ. ಅಂದರೆ ಒಬ್ಬರು ಬಿಟ್ಟ ಜಾಗ ಇನ್ನೊಬ್ಬರಿಗೆ ಹೋಗುವುದು ಆ ತಾರೀಖಿನ ಆಸುಪಾಸಿನಲ್ಲೇ. ಕಾದೆವು, ಬರಲಿಲ್ಲ. ಸಾಲ ಮಂಜೂರು ಮಾಡಿಸಿಕೊಂಡು ಹೊರಟಳು. ಎರಡನೆಯ ಸೆಮಿಸ್ಟರಿಗೆ ವಿಭಾಗದಲ್ಲಿ ಪಾಠದ ಸಹಾಯಕರ ಜಾಗ ಖಾಲಿಯಾಯಿತು. ಸ್ಪೀಕಿಂಗ್ ಅಂಕ ಮೊದಲೇ ಫೈಲಿನಲ್ಲಿದ್ದವರನ್ನು ಕರೆದರು, ಇವಳೂ ಅವರಲ್ಲಿದ್ದಳು. ಟ್ಯೂಷನ್ ಫೀಸು ಮಾಫಿಯಾಗಿ, ತಿಂಗಳಿಗೆ ಊಟ ಬಾಡಿಗೆಗೆ ಆಗುವಷ್ಟು ಸಂಬಳ ಬರತೊಡಗಿತು.

ತೆಗೆದ ಸಾಲದ ಬಡ್ಡಿಯನ್ನು ನಾನು ಪ್ರತಿ ತಿಂಗಳೂ ಕಟ್ಟುತ್ತಿದ್ದೇನೆ. ಓದುವ ಅವಧಿಯಲ್ಲೇ ಬಡ್ಡಿ ಕಟ್ಟಿದರೆ ದರದಲ್ಲಿ ಒಂದು ಪರ್ಸೆಂಟ್ ರಿಯಾಯಿತಿ ಕೊಡುವ ಬ್ಯಾಂಕುಗಳಿವೆ, ನಮ್ಮದೂ ಕೊಟ್ಟಿತು. ನಾನು ಹಳೆಯ ತೆರಿಗೆ ಪದ್ಧತಿಯಲ್ಲೇ ಉಳಿದಿರುವುದರಿಂದ 80ಇ ಕೆಳಗೆ ಆ ಬಡ್ಡಿಯಷ್ಟನ್ನೂ ಆದಾಯದಲ್ಲಿ ಕಳೆಯಬಹುದು, ಎಂಟು ವರ್ಷದವರೆಗೆ. ಸಾಲದಲ್ಲಿ ಇನ್ನೂ ತೆಗೆಯದ ಕಂತುಗಳು ಬೇಡವೆಂದು ಬ್ಯಾಂಕಿಗೆ ಹೋಗಿ ಹೇಳಿದೆ. "ಲಿಮಿಟ್ ಹಾಗೇ ಬಿಟ್ಟಿರಿ ಸರ್, ಮುಂದಿನ ಸೆಮಿಸ್ಟರ್‌ಗೆ ಬೇಕಾದೀತು" ಎಂದರು ಮ್ಯಾನೇಜರ್. ಬಿಟ್ಟಿದ್ದೇನೆ. ತೆಗೆಯದ ಹಣಕ್ಕೆ ಬಡ್ಡಿ ಬೀಳುವುದಿಲ್ಲ.