ಬಾನೆಟ್ ಎತ್ತಿ ನೋಡು ಮಾರಾಯ

ಹೊಸ ಕಾರಿಗೆ ಪೂಜೆ ಮಾಡಿಸಿದ ಫೋಟೊ ಕಳಿಸಿದ್ದೀಯಲ್ಲ, ನೋಡಿ ಖುಷಿಯಾಯಿತು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಿದ್ದೀಯ, ಬೂದುಗುಂಬಳ ಒಡೆದಿದ್ದೀಯ, ದೃಷ್ಟಿಯ ಏರ್ಪಾಡೆಲ್ಲ ಸರಿ. ಆದರೆ ಎರಡನೇ ಫೋಟೊದಲ್ಲಿ ಕಾರು ನಿಂತ ಜಾಗ ನೋಡಿದೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟು, ಪಕ್ಕದಲ್ಲೇ ಕಸದ ಡ್ರಮ್ಮುಗಳ ಸಾಲು. ವಾರವಿಡೀ ಮೆಟ್ರೊದಲ್ಲಿ ಆಫೀಸಿಗೆ ಹೋಗಿ ಭಾನುವಾರಕ್ಕೆ ಮಾತ್ರ ಕಾರು ತೆಗೆಯುವವನು ನೀನು. ಅದಕ್ಕೇ ಈ ಮಾತು.

ಹೋದ ವರ್ಷ ಆಷಾಢದಲ್ಲಿ ಮಗಳ ಮನೆಗೆಂದು ಹುಬ್ಬಳ್ಳಿಗೆ ರೈಲಿನಲ್ಲಿ ಹೋದವರು ಮೂರು ವಾರ ಉಳಿದುಬಿಟ್ಟೆವು. ಮೈಸೂರಿಗೆ ವಾಪಸು ಬಂದು ಕೀಲಿ ತಿರುಗಿಸಿದರೆ ಇಂಜಿನ್ನು ಕೆಮ್ಮಿ ಕೆಮ್ಮಿ ಎದ್ದಿತು, ಮೀಟರಿನ ಹಳದಿ ದೀಪ ಆರಲೇ ಇಲ್ಲ. ಬಾನೆಟ್ ಎತ್ತಿದೆ. ಅದರ ಒಳಮೈಯ ಹತ್ತಿಯಂಥ ಹೊದಿಕೆಯನ್ನು ಕಿತ್ತು ತಂದು ಬ್ಯಾಟರಿ ಪಕ್ಕದಲ್ಲಿ ಇಲಿಗಳು ಹಾಸಿಗೆ ಮಾಡಿಕೊಂಡಿದ್ದವು. ಹಾಸಿಗೆಯ ಮೇಲೆ ಹಿಕ್ಕೆ, ಒಣಗಿ ಕಲ್ಲಾದ ಅನ್ನದ ಅಗುಳು. ಕೆಳಗಡೆ ಮೂರು ವೈರು ಕಡಿದಿದ್ದವು. ಒಂದರ ಸಿಪ್ಪೆಯನ್ನು ಎಷ್ಟು ನಾಜೂಕಾಗಿ ಸುಲಿದಿದ್ದವು ಅಂದರೆ, ಒಳಗಿನ ತಾಮ್ರ ಹುಣಸೆಹಣ್ಣು ಹಚ್ಚಿ ತಿಕ್ಕಿದ ತಂಬಿಗೆಯ ಹಾಗೆ ಫಳಫಳ ಅನ್ನುತ್ತಿತ್ತು.

ಸರ್ವೀಸ್ ಸೆಂಟರಿನಲ್ಲಿ ಕೈಗೆ ಕೊಟ್ಟ ಅಂದಾಜು ಪಟ್ಟಿ 38,000 ರೂಪಾಯಿಯದು. ‘ಹಾರ್ನೆಸ್ ಪೂರ್ತಿ ಬದಲಾಯಿಸಬೇಕು ಸಾರ್’ ಅಂದ ಹುಡುಗ. ಇಂಜಿನ್ನಿನ ವೈರುಗಳನ್ನೆಲ್ಲ ಜಡೆಯ ಹಾಗೆ ಹೆಣೆದು ಒಂದೇ ಸಾಮಾನಾಗಿ ಮಾರುತ್ತಾರೆ, ಅದೇ ಹಾರ್ನೆಸ್ಸು. ಮೂರು ಕೂದಲು ತುಂಡಾಗಿದ್ದಕ್ಕೆ ಹೊಸ ಜಡೆ! ನಾನು ಪಟ್ಟಿ ಮಡಚಿ ಜೇಬಿಗಿಟ್ಟುಕೊಂಡು ನಮ್ಮ ಹಳೆಯ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವನು ಮೂರನ್ನೂ ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಸ್ಲೀವ್ ತೊಡಿಸಿ, ಸ್ಕ್ಯಾನರ್ ಹಚ್ಚಿ ದೀಪ ಆರಿಸಿದ. 1,600 ರೂಪಾಯಿ, ಒಂದು ಕಾಫಿ.

ಹಾಗಂತ ನೀನೂ ಕಣ್ಣುಮುಚ್ಚಿ ಹೊರಗೆ ಮಾಡಿಸಬೇಡ. ನನ್ನದು ವಾರಂಟಿ ಮುಗಿದ ಗಾಡಿ, ನಿನ್ನದು ಹೊಸದು. ಇಲಿ ಕಡಿದದ್ದು ವಾರಂಟಿಗೆ ಬರುವುದಿಲ್ಲ, ನಿಜ. ಆದರೆ ಹೊರಗಿನವರು ಕೈಹಾಕಿದ ವೈರಿಂಗಿನಲ್ಲಿ ನಾಳೆ ಬೇರೇನಾದರೂ ಕೆಟ್ಟರೆ ಕಂಪನಿಯವರಿಗೆ ಅದೊಂದು ನೆಪವಾಗುತ್ತದೆ. ಹಳದಿ ಬಣ್ಣದ ಏರ್‌ಬ್ಯಾಗ್ ವೈರು, ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ದಪ್ಪ ಕೇಬಲ್ಲು ಇವುಗಳಿಗಂತೂ ಯಾವ ತೇಪೆಯೂ ಬೇಡ, ಬದಲಾಯಿಸಿಯೇ ಬಿಡು. ಉಳಿದದ್ದಕ್ಕೆ ಮಾತ್ರ ‘ಎಲ್ಲಿ ಕಡಿದಿದೆ ತೋರಿಸಿ’ ಅಂತ ಕೇಳು. ಸಂಕೋಚ ಯಾಕೆ, ದುಡ್ಡು ನಿನ್ನದು.

ಇನ್ಶೂರೆನ್ಸ್ ವಿಷಯ ಸ್ವಲ್ಪ ನಿಧಾನವಾಗಿ ಓದು. ಬರೀ ಥರ್ಡ್ ಪಾರ್ಟಿ ಪಾಲಿಸಿಯಿದ್ದರೆ ಇಲಿ ಕಡಿತಕ್ಕೆ ಚಿಕ್ಕಾಸೂ ಬರುವುದಿಲ್ಲ. ನಿನ್ನದು ಕಾಂಪ್ರಹೆನ್ಸಿವ್ ಅಂದೆ, ಆದರೂ ‘ಇಲಿ ಕಡಿದರೆ ಕೊಡುತ್ತೀರಾ’ ಎಂದು ಬರಹದಲ್ಲೇ ಕೇಳಿಟ್ಟುಕೋ. ಕಡಿದದ್ದು ಕಂಡ ದಿನ ಮೊದಲು ಫೋಟೊ ತೆಗೆ, ಅವರಿಗೆ ತಿಳಿಸು, ಸರ್ವೇಯರ್ ನೋಡುವ ತನಕ ಯಾರೂ ಬಿಚ್ಚದಿರಲಿ. ಆಮೇಲೆ ಒಂದು ಲೆಕ್ಕ ಹಾಕು. 1,500 ಸಿಸಿ ಒಳಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ ಕಡ್ಡಾಯವಾಗಿ 1,000 ರೂಪಾಯಿ ನಿನ್ನ ಪಾಲು. ನಾನು ಕ್ಲೇಮ್ ಮಾಡಿದ್ದರೆ 1,600ರಲ್ಲಿ ಸಿಗುತ್ತಿದ್ದದ್ದು ಹೆಚ್ಚೆಂದರೆ 600. ಅಷ್ಟಕ್ಕೆ ಐದು ವರ್ಷ ಕಾದು ಗಳಿಸಿದ 50 ಪರ್ಸೆಂಟ್ ನೋ ಕ್ಲೇಮ್ ಬೋನಸ್ಸು ಹೋಗಿ, ಮತ್ತೆ 20 ಪರ್ಸೆಂಟಿನಿಂದ ಮೆಟ್ಟಿಲು ಹತ್ತಬೇಕಿತ್ತು. 38,000ದ ಬಿಲ್ಲಾದರೆ ಮಾತು ಬೇರೆ.

ಹೋಗಲಿ, ಅವು ವೈರು ಯಾಕೆ ಕಡಿಯುತ್ತವೆ? ರುಚಿಗಲ್ಲ. ಇಲಿಯ ಮುಂದಿನ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ, ಏನನ್ನಾದರೂ ಕಡಿದು ಸವೆಸಲೇಬೇಕು. ಈಗಿನ ವೈರಿನ ಹೊದಿಕೆಗೆ ಸೋಯಾ ಬೆರೆಸುತ್ತಾರೆ, ಅದಕ್ಕೇ ತಿನ್ನುತ್ತವೆ ಅಂತ ಅಮೆರಿಕದಲ್ಲಿ ಕಾರು ಕಂಪನಿಗಳ ಮೇಲೆ ಕೇಸನ್ನೂ ಹಾಕಿದರು. ನನಗೇನೋ ಆ ವಾದ ಒಪ್ಪಿಗೆಯಾಗುವುದಿಲ್ಲ. ನಮ್ಮಜ್ಜಿಯ ಮನೆ ಅಟ್ಟದಲ್ಲಿ ರೇಡಿಯೊ ವೈರು ಕಡಿದ ಇಲಿಗಳಿಗೆ ಯಾವ ಸೋಯಾ ಸಿಕ್ಕಿತ್ತು? ಮಳೆಗಾಲದಲ್ಲಿ ಅವಕ್ಕೆ ಬೇಕಾದದ್ದು ಬೆಚ್ಚಗಿನ ಕತ್ತಲು. ಆಗಷ್ಟೇ ಆರಿಸಿದ ಇಂಜಿನ್ನಿಗಿಂತ ಬೆಚ್ಚಗಿನ ಮನೆ ಬೇಸ್‌ಮೆಂಟಿನಲ್ಲಿ ಇನ್ನೊಂದಿಲ್ಲ.

ಔಷಧ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಹೊಗೆಸೊಪ್ಪು ಕಟ್ಟಿದೆ, ಘಾಟು ಇರುವಷ್ಟು ದಿನ ಕೆಲಸ ಮಾಡಿತು. ನುಸಿಗುಳಿಗೆ ಇಟ್ಟೆ, ಎಸಿ ಹಾಕಿದ ಕೂಡಲೇ ಅದರ ವಾಸನೆ ಒಳಗೆ ಬಂದು ನಿಮ್ಮತ್ತೆಗೆ ತಲೆನೋವು. ಕೀಂ ಎನ್ನುವ ಶಬ್ದದ ಯಂತ್ರಕ್ಕೆ ಇಲಿಗಳು ಒಗ್ಗಿಕೊಂಡವು, ನಾನು ದುಡ್ಡು ಕಳೆದುಕೊಂಡೆ. ಹೋಂಡಾದವರು ಮೆಣಸಿನಕಾಯಿ ಖಾರ ಸೇರಿಸಿದ ಟೇಪ್ ಮಾಡಿದ್ದಾರೆ. ರಿಪೇರಿಯಾದ ವೈರಿಗೆ ಅಂಥದ್ದನ್ನು ಸುತ್ತಿಸಿದರೆ ತಪ್ಪೇನಿಲ್ಲ. ವಿಷ ಮಾತ್ರ ಇಡಲೇಬೇಡ. ನಮ್ಮ ಬೀದಿಯಲ್ಲೊಬ್ಬರು ಇಟ್ಟರು, ಇಲಿ ಎಸಿ ಬ್ಲೋಯರಿನೊಳಗೆ ಹೋಗಿ ಸತ್ತಿತು. ಡ್ಯಾಶ್‌ಬೋರ್ಡ್ ಬಿಚ್ಚಿ ತೆಗೆಸಿ ತಿಂಗಳಾದರೂ ಆ ಕಾರಿನಲ್ಲಿ ಮೂಗು ಮುಚ್ಚಿಕೊಂಡೇ ಕೂರಬೇಕಿತ್ತು.

ನಾನು ಈಗ ಮಾಡುವುದು ಇಷ್ಟೇ. ಎರಡು ದಿನಕ್ಕೊಮ್ಮೆ ಗಾಡಿ ತೆಗೆದು ಒಂದು ಸುತ್ತು ಹೋಗುತ್ತೇನೆ, ವಾರಕ್ಕೊಮ್ಮೆ ಟಾರ್ಚ್ ಹಿಡಿದು ಬಾನೆಟ್ಟಿನ ಒಳಗೆ ನೋಡುತ್ತೇನೆ. ಊರಿಗೆ ಹೋಗುವಾಗ ಬಾನೆಟ್ ಎತ್ತಿ ನಿಲ್ಲಿಸಿ, ಎದುರು ಒಂದು ಬಲ್ಬು ಹಾಕಿಟ್ಟು ಹೋಗುತ್ತೇನೆ. ನಿಮ್ಮ ಬೇಸ್‌ಮೆಂಟಿನಲ್ಲಿ ಇದು ಆಗದಿದ್ದರೆ ಬೇಡ, ಆ ಡ್ರಮ್ಮುಗಳ ಪಕ್ಕದಿಂದ ಜಾಗ ಬದಲಾಯಿಸಿಕೊಡಿ ಎಂದು ಅಸೋಸಿಯೇಷನ್ನಿನವರ ಬೆನ್ನು ಹತ್ತು. ಹಿಕ್ಕೆ ಕಂಡರೆ ಪೊರಕೆಯಲ್ಲಿ ಗುಡಿಸಬೇಡ. ಗ್ಲೌಸ್ ಹಾಕಿಕೊಂಡು ಫಿನೈಲ್ ನೀರಿನಲ್ಲಿ ನೆನೆಸಿ ಒರೆಸು. ಇಲಿ ಜ್ವರ ಹರಡುವುದು ಅವುಗಳ ಮೂತ್ರದಿಂದ. ಬಾನೆಟ್ ಎತ್ತಿದಾಗ ಪೆಟ್ರೋಲ್ ವಾಸನೆ ಬಂದರೆ ಕೀಲಿ ಮುಟ್ಟದೆ ಮೆಕ್ಯಾನಿಕ್ಕನ್ನು ಕರೆಸು. ಪೆಟ್ರೋಲ್ ಪೈಪನ್ನೂ ಅವು ಬಿಡುವುದಿಲ್ಲ.

ಒಂದು ಮಾತು ಉಳಿಯಿತು. ಆ ಒಣಗಿದ ಅನ್ನದ ಅಗುಳು ನಮ್ಮ ಮನೆಯದೇ. ನಿಮ್ಮತ್ತೆ ದಿನಾ ಕಾಗೆಗೆಂದು ಕಾಂಪೌಂಡಿನ ಮೇಲೆ ಅನ್ನ ಇಡುತ್ತಾಳಲ್ಲ, ಅಲ್ಲಿಂದ ಕಾರಿಗೆ ಹನ್ನೆರಡೇ ಹೆಜ್ಜೆ. ಹುಬ್ಬಳ್ಳಿಗೆ ಹೋದ ಮೂರು ವಾರ ಅಲ್ಲಿ ಅನ್ನ ಇಟ್ಟವರೇ ಇಲ್ಲ. ಅಂದರೆ ಅದಕ್ಕೆ ಮುಂಚೆಯೇ ಅವು ಒಳಗೆ ಸಂಸಾರ ಹೂಡಿದ್ದವು, ನಾನು ಅವನ್ನೂ ಕೂರಿಸಿಕೊಂಡು ದೇವರಾಜ ಮಾರ್ಕೆಟ್ಟಿಗೆ ಹೋಗಿ ಬರುತ್ತಿದ್ದೆ. ಈಗ ಅನ್ನ ತಾರಸಿಗೆ ಹೋಗಿದೆ. ಕಾಗೆಗಳು ಎರಡನೇ ದಿನಕ್ಕೇ ಜಾಗ ಹುಡುಕಿಕೊಂಡವು.