ಗೋದಾವರಿ ದಂಡೆಯ ಪ್ರಾಣಿಗಳು: ಹೊಂದಾಣಿಕೆಯ ಟಿಪ್ಪಣಿ

ಹೊಂದಾಣಿಕೆ ಮೂರು ಬಗೆ: ರಚನಾತ್ಮಕ, ಶಾರೀರಿಕ, ವರ್ತನಾತ್ಮಕ. ವ್ಯಾಖ್ಯೆ ಬಾಯಿಪಾಠ ಮಾಡಿದವರೂ ಉದಾಹರಣೆಯಲ್ಲಿ ಎಡವುತ್ತಾರೆ. ಆದ್ದರಿಂದ ಗೋದಾವರಿಯನ್ನೇ ಹಿಡಿಯೋಣ.

ಛತ್ರಪತಿ ಸಂಭಾಜಿನಗರ (ಹಿಂದಿನ ಔರಂಗಾಬಾದ್) ಜಿಲ್ಲೆಯ ಪೈಠಣದಲ್ಲಿ ಜಾಯಕವಾಡಿ ಜಲಾಶಯವಿದೆ. ರಚನಾತ್ಮಕ ಹೊಂದಾಣಿಕೆಗೆ ಇಲ್ಲಿಗೆ ಬರುವ ರಾಜಹಂಸವೇ ಉದಾಹರಣೆ: ಅದರ ಕೊಕ್ಕು ನಡುವೆ ಬಾಗಿದೆ. ಅದು ತಲೆಯನ್ನು ತಲೆಕೆಳಗಾಗಿ ನೀರಿಗಿಳಿಸುತ್ತದೆ. ನಾಲಿಗೆ ಪಂಪಿನಂತೆ ನೀರನ್ನು ಎಳೆದು ಹೊರದೂಡಿದಾಗ, ಕೊಕ್ಕಿನೊಳಗಿನ ಬಾಚಣಿಗೆಯಂಥ ಎಳೆಗಳು ಪಾಚಿ, ಸಣ್ಣ ಸೀಗಡಿಗಳನ್ನು ಸೋಸಿ ಉಳಿಸಿಕೊಳ್ಳುತ್ತವೆ. ಉದ್ದ ಕಾಲು, ಜಾಲಪಾದ ಕೆಸರಿಗೆ ಹೇಳಿ ಮಾಡಿಸಿದಂತಿವೆ. ಗರಿಯ ಗುಲಾಬಿ ಬಣ್ಣ ಹುಟ್ಟಿನಿಂದ ಬಂದದ್ದಲ್ಲ, ಆಹಾರದ ಕ್ಯಾರೊಟಿನಾಯ್ಡ್‌ಗಳಿಂದ ಬಂದದ್ದು. ಮರಿಗಳು ಬೂದು ಬಣ್ಣದವು.

ಶಾರೀರಿಕ ಹೊಂದಾಣಿಕೆಗೆ ಗೋದಾವರಿಯಿಂದ ಆಚೆ, ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತು ಸಾಕು. ಅದರ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುವುದರಿಂದ ಹಿಮಾಲಯದ ತೆಳು ಗಾಳಿಯಲ್ಲೂ ಅದು ಹಾರಬಲ್ಲದು.

ಮತ್ತೆ ಗೋದಾವರಿಗೆ ಬಂದರೆ, ನಾಸಿಕ್ ಜಿಲ್ಲೆಯಲ್ಲಿ ವರ್ತನಾತ್ಮಕ ಉದಾಹರಣೆ ಚಿರತೆ. ನಿಫಾಡ್ ಸುತ್ತಿನ ಕಬ್ಬಿನ ಗದ್ದೆಗಳೇ ಅದಕ್ಕೆ ಕಾಡು. ಹಗಲು ಅಡಗಿ, ರಾತ್ರಿ ನಾಯಿ, ಮೇಕೆ ಹಿಡಿಯುತ್ತದೆ. ಅಲ್ಲೇ ಮರಿ ಹಾಕುತ್ತದೆ. ಕಬ್ಬು ಕಟಾವಿನಲ್ಲಿ ಮರಿಗಳು ಸಿಗುವುದು ಇದರಿಂದಲೇ. ಯೇವಲಾ ತಾಲ್ಲೂಕಿನ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಕ್ಕೆ ಓಟವೇ ರಕ್ಷಣೆ.

ನೆನಪಿಡಿ: ನಿಫಾಡ್ ತಾಲ್ಲೂಕಿನ ನಾಂದೂರ್ ಮಧ್ಯಮೇಶ್ವರ ಮಹಾರಾಷ್ಟ್ರದ ಮೊದಲ ರಾಮ್ಸಾರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ), ಕರ್ನಾಟಕದ ಮೊದಲನೆಯದು ರಂಗನತಿಟ್ಟು, 2022.