ಚಾಳು, ಗೋಪುರ ಮತ್ತು ನೆರೆಹೊರೆ: ಮುಂಬಯಿಯ ದಟ್ಟ ವಸತಿಯ ಒಂದು ಪರಿಶೀಲನೆ

ಕನ್ನಡದಲ್ಲಿ ‘ನೆರೆ’ ಎಂದರೆ ಸಮೀಪ. ‘ನೆರೆ’ ಎಂದರೆ ಪ್ರವಾಹವೂ ಹೌದು. ಪಕ್ಕ ಎಂಬ ಅರ್ಥದ ‘ಹೊರೆ’ ಅದರೊಡನೆ ಸೇರಿ ‘ನೆರೆಹೊರೆ’ಯಾಗಿದೆ; ಇಂದಿನ ಉಚ್ಚಾರದಲ್ಲಿ ಅದರಂತೆಯೇ ಕೇಳಿಸುವ ಇನ್ನೊಂದು ‘ಹೊರೆ’ ಭಾರವನ್ನು ಸೂಚಿಸುತ್ತದೆ. ಮಹಾನಗರಗಳ ದಟ್ಟ ವಸತಿಯನ್ನು ಕುರಿತ ಚರ್ಚೆ ಈ ಅರ್ಥಗಳ ನಡುವೆಯೇ ತುಯ್ದಾಡುತ್ತ ಬಂದಿದೆ. ಜನರು ಒತ್ತೊತ್ತಾಗಿ ನೆಲೆಸಿದಲ್ಲಿ ಪರಸ್ಪರ ಆಸರೆ ಬೆಳೆಯುತ್ತದೆ ಎಂಬುದು ಒಂದು ಪಕ್ಷ. ಅಂಥ ವಸತಿ ನೀರು, ರಸ್ತೆ, ಶಾಲೆಗಳ ಮೇಲೆ ಪ್ರವಾಹದಂತೆ ಎರಗಿ ಬಡಾವಣೆಯನ್ನು ಕೆಡಿಸುತ್ತದೆ ಎಂಬುದು ಇನ್ನೊಂದು. ಮುಂಬಯಿಯ ಒಂದೂಕಾಲು ಶತಮಾನದ ಅನುಭವವನ್ನು ಗಮನಿಸಿದರೆ ಎರಡೂ ಅಪೂರ್ಣವೆಂದು ತೋರುತ್ತದೆ. ಅಲ್ಲಿ ನೆರೆಹೊರೆಯ ಹಿತಾಹಿತವನ್ನು ನಿರ್ಣಯಿಸಿರುವುದು ಕೇವಲ ಜನಸಂಖ್ಯೆಯಲ್ಲ. ಕಟ್ಟಡಗಳ ನಡುವಿನ ಅಂತರ ಹಾಗೂ ಮನೆಗೂ ಬೀದಿಗೂ ನಡುವೆ ಉಳಿದಿರುವ ಸಮಾನ ಬಳಕೆಯ ಜಾಗ.

೧

೧೮೯೬ರಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಪ್ಲೇಗು ಕಾಣಿಸಿಕೊಂಡಿತು. ಬೆಳಕು, ಗಾಳಿಗಳಿಲ್ಲದ ಕಿಕ್ಕಿರಿದ ಮನೆಗಳೇ ರೋಗದ ಬೀಡೆಂದು ಭಾವಿಸಿದ ಸರಕಾರವು ೧೮೯೮ರಲ್ಲಿ ನಗರ ಸುಧಾರಣಾ ಟ್ರಸ್ಟನ್ನು ಸ್ಥಾಪಿಸಿತು. ಹಳೆಯ ಕೇರಿಗಳನ್ನು ಸೀಳಿ ಹೊಸ ರಸ್ತೆಗಳನ್ನು ಮಾಡುವುದು, ಉತ್ತರದ ಬಯಲಿನಲ್ಲಿ ಹೊಸ ಬಡಾವಣೆಗಳನ್ನು ನಿರ್ಮಿಸುವುದು, ಕಾರ್ಮಿಕರಿಗೆ ಚಾಳುಗಳನ್ನು ಕಟ್ಟಿಸುವುದು ಅದರ ಮುಖ್ಯ ಕಾರ್ಯಗಳು. ಅದು ಅನುಸರಿಸಿದ ಬೆಳಕಿನ ನಿಯಮ ವಿಶೇಷ ಗಮನಕ್ಕೆ ಅರ್ಹವಾಗಿದೆ. ಕೋಣೆಯ ಹೊರಗೋಡೆಯ ಬುಡದಿಂದ ಎದುರು ಕಟ್ಟಡದ ನೆತ್ತಿಗೆ ಎಳೆದ ರೇಖೆ ಅರವತ್ತಮೂರೂವರೆ ಅಂಶದ ಕೋನವನ್ನು ಮೀರಬಾರದು ಎಂಬುದು ಆ ನಿಯಮ. ಸರಳವಾಗಿ ಹೇಳುವುದಾದರೆ, ಎದುರು ಕಟ್ಟಡದ ಎತ್ತರದ ಅರ್ಧದಷ್ಟಾದರೂ ಬಯಲು ನಡುವೆ ಇರಬೇಕು. ದಟ್ಟಣೆಯನ್ನು ನಿಷೇಧಿಸದೆ ಅದಕ್ಕೊಂದು ಮರ್ಯಾದೆ ಹಾಕಿದ ನಿಯಮವಿದು.

ಈ ಟ್ರಸ್ಟಿನ ಯೋಜನೆಯ ಫಲವಾದ ದಾದರ್-ಮಾಟುಂಗಾ ಪ್ರದೇಶ ಕನ್ನಡಿಗರಿಗೆ ಅಪರಿಚಿತವಲ್ಲ. ಅಗಲವಾದ ರಸ್ತೆಗಳು, ನಡುವೆ ಉದ್ಯಾನಗಳು, ತಗ್ಗು ಅಂತಸ್ತಿನ ಕಟ್ಟಡಗಳು, ಕೆಳಗೆ ಅಂಗಡಿ, ಮೇಲೆ ಮನೆ—ಇದು ಅಲ್ಲಿಯ ರಚನೆ. ೧೯೨೬ರಲ್ಲಿ ಸ್ಥಾಪನೆಗೊಂಡ ಮೈಸೂರು ಅಸೋಸಿಯೇಶನ್ ನೆಲೆ ಕಂಡುಕೊಂಡದ್ದು ಮಾಟುಂಗಾದಲ್ಲಿ. ೧೯೪೨ರಿಂದ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಅದೇ ಪರಿಸರದಲ್ಲಿ ಬಾಳೆಯೆಲೆಯ ಊಟ ಬಡಿಸುತ್ತ ಬಂದಿದೆ. ಊಟದ ಮನೆ, ಸಂಘದ ಸಭಾಂಗಣ, ಹೂವಿನಂಗಡಿ, ದೇವಸ್ಥಾನಗಳು ನಡೆದು ಹೋಗುವಷ್ಟು ಹತ್ತಿರದಲ್ಲಿ ನಿಲ್ಲಬೇಕಾದರೆ ಅವನ್ನು ಬಳಸುವಷ್ಟು ಜನ ಹತ್ತಿರದಲ್ಲಿಯೇ ಇರಬೇಕು. ದಟ್ಟ ವಸತಿಯು ನೆರೆಹೊರೆಗೆ ನೀಡಬಲ್ಲ ಉಪಕಾರಕ್ಕೆ ಮಾಟುಂಗಾ ಉತ್ತಮ ನಿದರ್ಶನ.

೨

ಇದಕ್ಕಿಂತ ಬಹು ಬಿಕ್ಕಟ್ಟಿನದು ಚಾಳಿನ ಜೀವನ. ೧೯೨೦ರಲ್ಲಿ ಸ್ಥಾಪಿತವಾದ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ವರಳಿ, ನಾಯ್ಗಾಂವ್, ಡಿಲಾಯ್ಲ್ ರಸ್ತೆ ಮತ್ತು ಶಿವಡಿಗಳಲ್ಲಿ ೨೦೭ ಕಾಂಕ್ರೀಟಿನ ಚಾಳುಗಳನ್ನು ಕಟ್ಟಿಸಿತು. ಒಂದೊಂದು ಕುಟುಂಬಕ್ಕೆ ಸುಮಾರು ೧೬೦ ಚದರ ಅಡಿಯ ಒಂದು ಖೋಲಿ, ಶೌಚಾಲಯ ಸಾಮೂಹಿಕ. ಬಾಗಿಲು ತೆರೆದೊಡನೆ ಎದುರಾಗುವುದು ಎಲ್ಲರೂ ಓಡಾಡುವ ಸಾಲು ಹಾದಿ. ಬಟ್ಟೆ ಒಣಗಿಸಲು, ಮಕ್ಕಳು ಓದಲು, ಮುದುಕರು ಕೂರಲು, ಖೋಲಿಯಲ್ಲಿ ಹಿಡಿಸದವರು ರಾತ್ರಿ ಮಲಗಲು ಅದೇ ಜಾಗ. ಕನ್ನಡ ನಾಡಿನ ಮನೆಯಲ್ಲಿ ಜಗಲಿಯೂ ಪಡಸಾಲೆಯೂ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಈ ಹಾದಿ ವಹಿಸಿಕೊಂಡಿತು. ಒಳಗೂ ಅಲ್ಲದ, ಹೊರಗೂ ಅಲ್ಲದ ಇಂಥ ಜಾಗದಲ್ಲಿಯೇ ಪರಿಚಯ ನೆರೆತನವಾಗಿ ಬೆಳೆಯುತ್ತದೆ.

ಆದರೆ ಚಾಳನ್ನು ಭಾವುಕತೆಯಿಂದ ವೈಭವೀಕರಿಸುವುದು ಸರಿಯಲ್ಲ. ಆ ಆಪ್ತತೆಗೆ ಬೆಲೆ ತೆತ್ತವರು ಬಹುಮಟ್ಟಿಗೆ ಹೆಂಗಸರು: ನಸುಕಿನ ನೀರಿನ ಸರದಿ, ಶೌಚಾಲಯದ ಸರದಿ, ಏಕಾಂತವೆಂಬುದೇ ಇಲ್ಲದ ದಾಂಪತ್ಯ. ಹತ್ತಿರವಿರುವುದೊಂದೇ ಬಂಧುತ್ವವಲ್ಲವೆಂಬುದನ್ನು ಮುಂಬಯಿಯ ಕನ್ನಡ ಕಥಾಸಾಹಿತ್ಯ ಚೆನ್ನಾಗಿ ಬಲ್ಲದು. ಯಶವಂತ ಚಿತ್ತಾಲರ ‘ಶಿಕಾರಿ’ (೧೯೭೯) ಕಾದಂಬರಿಯ ನಾಗಪ್ಪ ಜನಸಂದಣಿಯ ನಗರದಲ್ಲಿಯೇ ಬೇಟೆಗೆ ಸಿಕ್ಕ ಪ್ರಾಣಿಯಂತೆ ಏಕಾಕಿ. ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳಲ್ಲಾದರೋ ಅಪರಿಚಿತರ ನಡುವೆ ಅನಿರೀಕ್ಷಿತ ಅಕ್ಕರೆ ಮೊಳೆಯುತ್ತದೆ. ಒಂದೇ ನಗರ ಎರಡನ್ನೂ ಸಾಧ್ಯವಾಗಿಸಿದೆ.

ಚಾಳುಗಳ ಅವನತಿಗೆ ದಟ್ಟಣೆಯಷ್ಟೇ ಕಾನೂನೂ ಕಾರಣ. ೧೯೪೭ರ ಬಾಡಿಗೆ ನಿಯಂತ್ರಣ ಶಾಸನವು ಬಾಡಿಗೆಯನ್ನು ಹಳೆಯ ಮಟ್ಟದಲ್ಲಿ ನಿಲ್ಲಿಸಿತು. ಬಡ ಬಾಡಿಗೆದಾರನಿಗೆ ಅದು ರಕ್ಷಣೆಯಾಯಿತು. ಮಾಲೀಕನಿಗೆ ದುರಸ್ತಿಯಲ್ಲಿ ಆಸಕ್ತಿ ಉಳಿಯಲಿಲ್ಲ. ಕೈಯಿಂದ ಕೈಗೆ ‘ಪಗಡಿ’ ಹಣ ಹರಿಯಿತು, ಗೋಡೆಗೆ ಸುಣ್ಣ ಬೀಳಲಿಲ್ಲ. ಮಳೆಗಾಲದಲ್ಲಿ ಹಳೆಯ ಕಟ್ಟಡಗಳು ಕುಸಿಯುವುದು ನಗರಕ್ಕೆ ವಾಡಿಕೆಯಾಯಿತು. ಹೀಗಾಗಿ ಪುನರ್ನಿರ್ಮಾಣ ಬೇಕೇ ಬೇಡವೇ ಎಂಬುದು ಪ್ರಶ್ನೆಯಲ್ಲ. ಅದು ಹೇಗೆ ಆಗಬೇಕೆಂಬುದು ಪ್ರಶ್ನೆ.

೩

೧೯೯೧ರ ಅಭಿವೃದ್ಧಿ ನಿಯಂತ್ರಣ ನಿಯಮಗಳು ಮತ್ತು ೧೯೯೫ರಲ್ಲಿ ಆರಂಭವಾದ ಕೊಳೆಗೇರಿ ಪುನರ್ವಸತಿ ಯೋಜನೆ ಒಂದು ಹೊಸ ಮಾರ್ಗ ಹಿಡಿದವು. ಹಳೆಯ ನಿವಾಸಿಗಳಿಗೆ ಉಚಿತವಾಗಿ ಮನೆ ಕಟ್ಟಿಕೊಟ್ಟ ನಿರ್ಮಾಪಕನಿಗೆ, ಮಾರಾಟಕ್ಕಾಗಿ ಹೆಚ್ಚುವರಿ ನೆಲವನ್ನು ಕಟ್ಟುವ ಹಕ್ಕು ದೊರೆಯಿತು. ನಿವೇಶನದ ವಿಸ್ತೀರ್ಣಕ್ಕೂ ಕಟ್ಟಬಹುದಾದ ಒಟ್ಟು ನೆಲಕ್ಕೂ ಇರುವ ಅನುಪಾತವೇ ಎಫ್.ಎಸ್.ಐ.; ಈ ಅನುಪಾತವೇ ನಗರದ ನಾಣ್ಯವಾಯಿತು. ಸರಕಾರದ ಬೊಕ್ಕಸಕ್ಕೆ ಭಾರವಿಲ್ಲದೆ ಬಡವರಿಗೆ ಸ್ವಂತ ನಲ್ಲಿ, ಸ್ವಂತ ಶೌಚಾಲಯ ದೊರೆಯುವುದು ಸಣ್ಣ ಲಾಭವಲ್ಲ. ಮೊದಲು ೨೨೫ ಚದರ ಅಡಿಯಿದ್ದ ಪುನರ್ವಸತಿ ಮನೆ ೨೦೧೮ರ ನಿಯಮಗಳ ವೇಳೆಗೆ ೩೦೦ ಚದರ ಅಡಿಗೆ ಏರಿತು. ಆದರೆ ಈ ಲೆಕ್ಕಾಚಾರದಲ್ಲಿ ಬಡವರ ಮನೆಗಳು ನಿವೇಶನದ ಮೂಲೆಗೆ ಒತ್ತರಿಸಲ್ಪಟ್ಟು, ಬೆಳಕು-ಗಾಳಿಗಳು ಮಾರಾಟದ ಗೋಪುರದ ಪಾಲಾಗುವ ಪ್ರವೃತ್ತಿ ಬೆಳೆಯಿತು.

ಇದರ ಪರಿಣಾಮವನ್ನು ಪೂರ್ವ ಉಪನಗರಗಳಲ್ಲಿ ಕಾಣಬಹುದು. ರಸ್ತೆ, ರೈಲು ಯೋಜನೆಗಳಿಂದ ನೆಲೆ ತಪ್ಪಿದವರಿಗಾಗಿ ಗೋವಂಡಿಯ ನಟವರ್ ಪಾರೇಖ್ ಕಂಪೌಂಡ್, ಮಾನಖುರ್ದದ ಲಲ್ಲುಭಾಯಿ ಕಂಪೌಂಡ್ ಮುಂತಾದ ವಸಾಹತುಗಳು ಎದ್ದವು. ಕೆಲವೆಡೆ ಕಟ್ಟಡಗಳ ನಡುವೆ ಸುಮಾರು ಮೂರು ಮೀಟರ್ ಅಂತರವಷ್ಟೇ ಇದೆ. ಡಾಕ್ಟರ್ಸ್ ಫಾರ್ ಯು ಎಂಬ ಸ್ವಯಂಸೇವಾ ಸಂಸ್ಥೆ ಮತ್ತು ಐ.ಐ.ಟಿ. ಮುಂಬಯಿಯ ತಜ್ಞರು ೨೦೧೮ರಲ್ಲಿ ಪ್ರಕಟಿಸಿದ ಅಧ್ಯಯನವು ಇಲ್ಲಿಯ ಕ್ಷಯರೋಗದ ಹರಡುವಿಕೆಗೂ ಬೆಳಕು-ಗಾಳಿಗಳ ಕೊರತೆಗೂ ಸಂಬಂಧವನ್ನು ಗುರುತಿಸಿತು. ಏಳು ಅಂತಸ್ತಿನ ಕಟ್ಟಡದ ಎತ್ತರ ಇಪ್ಪತ್ತು ಮೀಟರಿಗೂ ಹೆಚ್ಚು. ಸುಧಾರಣಾ ಟ್ರಸ್ಟಿನ ಹಳೆಯ ನಿಯಮವನ್ನು ಅನ್ವಯಿಸಿದ್ದರೆ ನಡುವೆ ಕನಿಷ್ಠ ಹತ್ತು ಮೀಟರ್ ಬಯಲು ಇರಬೇಕಾಗಿತ್ತು. ಪ್ಲೇಗಿನಿಂದ ನಗರ ಕಲಿತ ಪಾಠವನ್ನು ಒಂದು ಶತಮಾನದ ಬಳಿಕ ಅದೇ ನಗರ ಮರೆತಿತು.

ವರಳಿಯ ಬಿ.ಡಿ.ಡಿ. ಚಾಳುಗಳ ಪುನರ್ನಿರ್ಮಾಣ ಇದಕ್ಕಿಂತ ಉದಾರವಾದ ಪ್ರಯೋಗ. ೧೬೦ ಚದರ ಅಡಿಯ ಖೋಲಿಗೆ ಬದಲಾಗಿ ೫೦೦ ಚದರ ಅಡಿಯ ಮನೆ. ೨೦೨೫ರ ಆಗಸ್ಟಿನಲ್ಲಿ ಮೊದಲ ೫೫೬ ಮನೆಗಳ ಕೀಲಿಗಳನ್ನು ನೀಡಲಾಯಿತು. ಖೋಲಿಯಲ್ಲಿ ಬದುಕಿದವರಿಗೆ ಇದು ಘನತೆಯ ಪ್ರಾಪ್ತಿ ಎಂಬುದರಲ್ಲಿ ಸಂದೇಹವಿಲ್ಲ. ಆದರೂ ನಾಲ್ವತ್ತು ಅಂತಸ್ತಿನ ಗೋಪುರದಲ್ಲಿ ಲಿಫ್ಟು, ಪಂಪು, ಅಗ್ನಿರಕ್ಷಣೆಗಳ ಖರ್ಚು ಪ್ರತಿ ತಿಂಗಳೂ ಬರುತ್ತದೆ. ಅದನ್ನು ಭರಿಸಲಾರದ ಕುಟುಂಬ ಮನೆಯನ್ನು ಮಾರಿ ವಿರಾರ, ಡೊಂಬಿವಲಿಗಳತ್ತ ಸರಿದರೆ, ಕಟ್ಟಡ ಉಳಿದೀತು, ನೆರೆಹೊರೆ ಉಳಿಯದು.

೪

ಈ ಪ್ರಶ್ನೆ ಕನ್ನಡದ ಅಧ್ಯಯನಕ್ಕೂ ಸಂಬಂಧಿಸಿದ್ದು. ಹೊರನಾಡಿನಲ್ಲಿ ಭಾಷೆಗೆ ರಾಜ್ಯದ ಆಸರೆ ಇಲ್ಲ. ಸಾಮೀಪ್ಯವೇ ಅದರ ಆಸರೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗೆ ಹೋದ ಹುಡುಗರಿಗೆ ಮಲಗುವ ಜಾಗ, ದುಡಿಯುವ ಜಾಗ, ಕಲಿಯುವ ಜಾಗಗಳು ಹತ್ತಿರವಿದ್ದುದರಿಂದಲೇ ಅದು ಸಾಧ್ಯವಾಯಿತು. ಒಂದು ಕಟ್ಟಡ ಪುನರ್ನಿರ್ಮಾಣಕ್ಕೆಂದು ತೆರವಾಗಿ, ಅಲ್ಲಿಯ ಹತ್ತು ಕನ್ನಡ ಮನೆಗಳು ಹತ್ತು ಉಪನಗರಗಳಿಗೆ ಚದರಿದರೆ, ಶಾಲೆಯ ತರಗತಿಯೂ ಭಜನಾ ಮಂಡಳಿಯೂ ಯಕ್ಷಗಾನದ ಪ್ರೇಕ್ಷಕವರ್ಗವೂ ಒಟ್ಟಿಗೆ ತೆಳುವಾಗುತ್ತವೆ. ಕನ್ನಡ ಶಾಲೆಗಳು ಕ್ಷೀಣಿಸಲು ಇಂಗ್ಲಿಷಿನ ಆಕರ್ಷಣೆ ಪ್ರಬಲ ಕಾರಣವೆಂಬುದು ನಿಜ. ವಸತಿಯ ಈ ಚದರುವಿಕೆಯನ್ನೂ ಅದರೊಡನೆ ಪರಿಗಣಿಸುವುದು ಅಗತ್ಯ.

ಆದುದರಿಂದ ಯಾವುದೇ ದಟ್ಟ ವಸತಿ ಯೋಜನೆಯನ್ನು ಅಂತಸ್ತುಗಳ ಎಣಿಕೆಯಿಂದಲೇ ಹೊಗಳುವುದೂ ತೆಗಳುವುದೂ ಸಾಲದು. ಕೆಳ ಅಂತಸ್ತಿನ ಕಿಟಕಿಗೆ ಹಗಲಿನ ಬೆಳಕು ಬರುವುದೇ? ಪ್ರತಿ ಮಹಡಿಯಲ್ಲಿ ನಾಲ್ಕು ಜನ ನಿಂತು ಮಾತಾಡುವ ಜಾಗವಿದೆಯೇ? ನೆಲ ಅಂತಸ್ತು ಅಂಗಡಿ, ಬಾಲವಾಡಿ, ವಾಚನಾಲಯಗಳಿಗೆ ತೆರೆದಿದೆಯೇ, ಅಥವಾ ವಾಹನಗಳ ತಂಗುದಾಣವಾಗಿ ಬೀದಿಗೆ ಬೆನ್ನು ಹಾಕಿದೆಯೇ? ಹಳೆಯ ನಿವಾಸಿ ಹತ್ತು ವರ್ಷಗಳ ಅನಂತರವೂ ಅಲ್ಲಿ ಉಳಿಯಬಲ್ಲನೇ? ಈ ನಾಲ್ಕಕ್ಕೂ ಒಪ್ಪುವ ಉತ್ತರವಿದ್ದಲ್ಲಿ ದಟ್ಟಣೆ ನೆರೆಹೊರೆಗೆ ಬಲವಾಗುತ್ತದೆ. ಮೊದಲನೆಯದಕ್ಕೇ ಉತ್ತರವಿಲ್ಲದಿದ್ದರೆ ಅದು ಆರೋಗ್ಯವನ್ನೇ ಕಸಿಯುತ್ತದೆಂಬುದಕ್ಕೆ ಗೋವಂಡಿ ಸಾಕ್ಷಿಯಾಗಿದೆ. ಎತ್ತರಕ್ಕೆ ಬೆಳೆಯುತ್ತಿರುವ ಬೆಂಗಳೂರು, ಮಂಗಳೂರುಗಳೂ ಈ ಪ್ರಶ್ನೆಗಳನ್ನು ನಕ್ಷೆ ಮಂಜೂರಾಗುವ ಮೊದಲೇ ಕೇಳಿಕೊಳ್ಳುವುದು ಒಳಿತು.